ಬಿತ್ತದ ಬೆಳೆಗೂ ನಷ್ಟವುಂಟು

ಉಳದೆ, ಬಿತ್ತದೆ ಬರುವ ಬೆಳೆಯೂ ಕೈಕೊಡುವುದುಂಟು. ಅಮೆರಿಕದ ಅಲಾಸ್ಕದಲ್ಲಿ ಮರವಿಲ್ಲದ ಟಂಡ್ರಾ ಬಯಲಿಗೆ ಯೂಪಿಕ್ ಜನರು ಬೇಸಿಗೆಯ ಕೊನೆಯಲ್ಲಿ ಅಜ್ಜಿ, ಮೊಮ್ಮಕ್ಕಳ ಸಮೇತ ದೋಣಿಯೇರಿ ಹೊರಡುತ್ತಾರೆ. ಕಿತ್ತಳೆ ಬಣ್ಣದ ಕ್ಲೌಡ್‌ಬೆರಿ ಎಂಬ ಕಾಡುಹಣ್ಣನ್ನು ಬಕೆಟ್ಟುಗಟ್ಟಲೆ ಆಯ್ದು ಚಳಿಗಾಲಕ್ಕೆ ಕೂಡಿಡುತ್ತಾರೆ. ಒಂದು ದಂಟಿಗೆ ಒಂದೇ ಹಣ್ಣು. ಬಕೆಟ್ ತುಂಬಲು ಎಷ್ಟು ಸಲ ಬಾಗಬೇಕೆಂಬುದನ್ನು ಕಳೆ ಕಿತ್ತವರೇ ಬಲ್ಲರು! ಕೊಬ್ಬಿನೊಡನೆ ಹಣ್ಣು ಕಲಸಿದ ‘ಅಕುತಕ್’ ಇಲ್ಲದೆ ಅವರಲ್ಲಿ ಹಬ್ಬವಿಲ್ಲ.

ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂವಿನ ಕಾಲದಲ್ಲಿ ಮಳೆ ಹಿಡಿದು ಕೀಟಗಳು ಹಾರದಿದ್ದರೆ ಫಲ ಕಚ್ಚದು. ಈಗ ಹವೆ ಬಿಸಿಯೇರಿ, ಹೆಪ್ಪುಗಟ್ಟಿದ ನೆಲವೇ ಕರಗುತ್ತಿದೆ. ಆಯ್ದು ತಿನ್ನುವವರ ಈ ನಷ್ಟವನ್ನೂ ಸರಕಾರಗಳು ಬೆಳೆನಷ್ಟವೆಂದೇ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಹಣ್ಣಿಲ್ಲದ ವರ್ಷ ಅವರಿಗೆ ವಿಮಾನದಲ್ಲಿ ಬರುವ ದುಬಾರಿ ಅಂಗಡಿ ಮಾಲೇ ಗತಿ.