ಹಳೆಯ ಡೀಸೆಲ್ ಪಿಕಪ್ಪಿಗೆ ಟ್ರೇಲರನ್ನು ಕಟ್ಟುವ ವಿಚಾರ

ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆಯ ಗ್ರಾಮಗಳಿಂದ ಯಶವಂತಪುರದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಮಾಲನ್ನು ಸಾಗಿಸುವ ಜಮೀನುದಾರರಲ್ಲಿ, ಹಳೆಯ ಡೀಸೆಲ್ ಪಿಕಪ್ಪನ್ನು ಅಗ್ಗವಾಗಿ ಕೊಂಡು ಅದರ ಹಿಂದೆ ಟ್ರೇಲರನ್ನು ಕಟ್ಟಿದರೆ ಎರಡು ಸಲದ ಸಾಗಣೆಯು ಒಂದೇ ಸಲಕ್ಕೆ ತೀರುವುದೆಂಬ ಮಾತು ನನ್ನ ಕಿವಿಗೆ ಪದೇ ಪದೇ ಬೀಳುತ್ತಿದೆ. ಮಿತವ್ಯಯದ ದೃಷ್ಟಿಯಿಂದ ಇದು ಯುಕ್ತವಾಗಿ ತೋರಿದರೂ, ಇದರಲ್ಲಿ ಅಡಗಿರುವ ಅಪಾಯವನ್ನು ಗ್ರಾಮದ ಮುಖಂಡರ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಕೊಳ್ಳುವವರು ಮೊದಲು ಕೇಳುವುದು, ಗಾಡಿಯು ಎಷ್ಟು ಭಾರವನ್ನು ಎಳೆಯುವುದೆಂದು. ಎಷ್ಟು ಭಾರವನ್ನು ನಿಲ್ಲಿಸಬಲ್ಲದೆಂದು ಕೇಳುವವರು ವಿರಳ. ನಮ್ಮ ಹಿರಿಯರು ಜಾತ್ರೆಯಲ್ಲಿ ಜೋಡೆತ್ತುಗಳನ್ನು ಕೊಳ್ಳುವಾಗ, ಏರಿನಲ್ಲಿ ಎಳೆಯುವ ಬಲವನ್ನು ಮಾತ್ರವಲ್ಲದೆ, ಇಳಿಜಾರಿನಲ್ಲಿ ತುಂಬಿದ ಬಂಡಿಯನ್ನು ತಡೆದು ನಡೆಯುವ ಗುಣವನ್ನೂ ನೋಡುತ್ತಿದ್ದರು. ಯಂತ್ರಕ್ಕೂ ಇದೇ ನ್ಯಾಯವು. ವೇಗವು ಗಂಟೆಗೆ 30 ಕಿಲೋಮೀಟರಿನಿಂದ 60ಕ್ಕೆ ಏರಿದರೆ, ಬ್ರೇಕು ತಡೆಯಬೇಕಾದ ಶಕ್ತಿಯು ಇಮ್ಮಡಿಯಲ್ಲ, ನಾಲ್ಮಡಿಯಾಗುವುದು. ನಮ್ಮಲ್ಲಿರುವ ಅನೇಕ ಟ್ರೇಲರುಗಳಿಗೆ ಸ್ವಂತ ಬ್ರೇಕಿಲ್ಲವಾದ ಕಾರಣ, ಆ ಹೊರೆಯೆಲ್ಲವೂ ಪಿಕಪ್ಪಿನ ಸವೆದ ಬ್ರೇಕಿನ ಮೇಲೆಯೇ ಬೀಳುವುದು.

ಕೆಲವು ವರ್ಷಗಳ ಹಿಂದೆ ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲಿ ಇಂತಹ ಒಂದು ಗಾಡಿಯನ್ನು ನಾನೇ ಕಂಡೆನು. ಮುಂದಿನ ಬಸ್ಸು ನಿಂತೊಡನೆ ಚಾಲಕನು ಬ್ರೇಕನ್ನು ಒತ್ತಿದನು. ಟ್ರೇಲರು ಪಿಕಪ್ಪನ್ನು ಅಡ್ಡಕ್ಕೆ ತಳ್ಳಿ ತಾನು ಮಗುಚಿಕೊಂಡಿತು. ಮೂಟೆಗಳ ಮೇಲೆ ಕುಳಿತಿದ್ದ ಕೂಲಿಯಾಳೊಬ್ಬನ ಕಾಲು ಮುರಿಯಿತು. ಗಾಡಿಯು ಕೈ ಬದಲಾಗಿ ವರ್ಷವಾಗಿದ್ದರೂ ದಾಖಲೆಯು ಹಳೆಯ ಯಜಮಾನನ ಹೆಸರಿನಲ್ಲಿಯೇ ಇದ್ದಿತೆಂದು ಆಮೇಲೆ ತಿಳಿಯಿತು.

ನೋಂದಣಿ ಪತ್ರದಲ್ಲಿ ಗಾಡಿಯ ಖಾಲಿ ತೂಕವೂ ಮಾಲುಸಹಿತವಾದ ಒಟ್ಟು ತೂಕವೂ ನಮೂದಾಗಿರುತ್ತವೆ. ಉದಾಹರಣೆಗೆ, ಖಾಲಿ ತೂಕ 1,600 ಕಿಲೋ, ಒಟ್ಟು ತೂಕ 2,800 ಕಿಲೋ ಎಂದಿದ್ದರೆ, ಗಾಡಿಯು ಚಾಲಕನೂ ಸೇರಿ 1,200 ಕಿಲೋ ಮಾತ್ರ ಹೊರಬಹುದು. ಹೊರುವ ಈ ಲೆಕ್ಕವು ಎಳೆಯುವ ಲೆಕ್ಕವಲ್ಲ. ಎಳೆಯುವ ಮಿತಿಯನ್ನು ತಯಾರಕರ ಕೈಪಿಡಿಯಲ್ಲಿ ನೋಡತಕ್ಕದ್ದು. ಅಲ್ಲಿ ಅನುಮತಿಯಿಲ್ಲದಿದ್ದರೆ, ಕೊಕ್ಕೆಯನ್ನು ಬೆಸುಗೆ ಹಾಕಿಸಿ ಟ್ರೇಲರನ್ನು ಕಟ್ಟುವುದು ಸರ್ವಥಾ ಕೂಡದೆಂಬುದು ನನ್ನ ದೃಢಾಭಿಪ್ರಾಯ. ಅನುಮತಿಯಿದ್ದಲ್ಲಿಯೂ, ಹಿಂಭಾರವಾದ ಬಂಡಿಯ ಮೂಕಿಯು ಮೇಲೇಳುವಂತೆ, ಒಂದೇ ಅಚ್ಚಿನ ಟ್ರೇಲರಿನ ಮುಂಭಾಗವೂ ಎದ್ದು ಗಾಡಿಯನ್ನು ತೂಗಾಡಿಸುವುದು. ಆದಕಾರಣ ಅದರ ಭಾರದ ಹತ್ತರಲ್ಲೊಂದು ಪಾಲಾದರೂ ಕೊಕ್ಕೆಯ ಮೇಲಿರುವಂತೆ ಮಾಲನ್ನು ಹೇರತಕ್ಕದ್ದು.

ಹಳೆಯ ಗಾಡಿಯನ್ನು ಮುಂಜಾನೆ, ಎಂಜಿನ್ನು ತಣ್ಣಗಿರುವಾಗಲೇ ನೋಡಬೇಕು. ಎಂಜಿನ್ನು ಬಿಸಿಯಾದ ತರುವಾಯವೂ ನೀಲಿ ಹೊಗೆಯು ನಿಲ್ಲದಿದ್ದರೆ ಎಣ್ಣೆಯು ಉರಿಯುತ್ತಿದೆಯೆಂದು ತಿಳಿಯತಕ್ಕದ್ದು. ಚಾಸಿಯ ಅಡಿಯಲ್ಲಿ ಬಿರುಕು, ತುಕ್ಕು, ಹೊಸ ಬೆಸುಗೆಗಳಿವೆಯೇ ಎಂದು ನೋಡಬೇಕು. ಬ್ರೇಕನ್ನು ಖಾಲಿ ಗಾಡಿಯಲ್ಲಲ್ಲ, ಭಾರ ಹೇರಿ ಪರೀಕ್ಷಿಸಬೇಕು.

ಕಾಗದಪತ್ರಗಳ ವಿಷಯವು ಇದಕ್ಕಿಂತ ಕಡಿಮೆಯದಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ರಾಜ್ಯದೊಳಗಿನ ವಿಕ್ರಯದಲ್ಲಿ ಮಾರಿದವನು 14 ದಿನಗಳೊಳಗೂ ಕೊಂಡವನು 30 ದಿನಗಳೊಳಗೂ ವರ್ಗಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ದಾಖಲೆಯಲ್ಲಿ ಹೆಸರುಳ್ಳವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಮಾನಿಸಿದೆ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿ ದಾಖಲೆಯಿಂದ ವಜಾ ಆಗುವವರೆಗೆ ಹಣವನ್ನು ಪೂರ್ತಿಯಾಗಿ ಕೊಡಬಾರದು. ಟ್ರೇಲರಿಗೆ ಪ್ರತ್ಯೇಕ ನೋಂದಣಿಯು ಬೇಕೆಂಬುದನ್ನೂ ಮರೆಯಬಾರದು.

ನನ್ನ ಸಲಹೆಯು ಇಷ್ಟೆ: ಟ್ರೇಲರನ್ನು ಟ್ರಾಕ್ಟರಿಗೆ ಬಿಟ್ಟು, ಪಿಕಪ್ಪು ತಾನು ಹೊರಬಲ್ಲ ಮಾಲನ್ನು ಎರಡು ಸಲವಾಗಿ ಸಾಗಿಸಲಿ. ಎರಡನೆಯ ಸಲದ ಡೀಸೆಲ್ಲಿನ ಖರ್ಚು ಒಬ್ಬ ಕೂಲಿಯಾಳಿನ ಕಾಲಿಗಿಂತ ಹೆಚ್ಚಿನದಲ್ಲ. ಮುಖಂಡರು ತಾವು ಇದನ್ನು ಅನುಸರಿಸಿ, ತಮ್ಮ ಗ್ರಾಮಸ್ಥರಿಗೂ ತಿಳಿಯಪಡಿಸಬೇಕಾಗಿ ಕೋರುತ್ತೇನೆ.