ನಿಮ್ಮ ಹಿತ್ತಲ ಬಾಳೆಯ ಹೆಸರು ಗೊತ್ತಾ?

ಮನೆಯಲ್ಲಿ ಬಾಳೆ ಗಿಡ ಇದೆಯಾ ಅಂದರೆ 'ಓ, ಇದೆಯಲ್ಲ' ಅಂತೀರಿ. ಯಾವ ಬಾಳೆ ಅಂದರೆ? 'ಗೊನೆ ಬಿಟ್ಟಾಗ ಗೊತ್ತಾಗುತ್ತೆ ಬಿಡಿ' ಅಂತ ನಗುತ್ತೀರಿ. ನಾನೂ ಹೀಗೇ ನಕ್ಕವಳು.

ಹಿರೀಸಾವೆಯ ನಮ್ಮ ಅತ್ತೆ ಮನೆಯಲ್ಲಿ ಬಚ್ಚಲ ನೀರು ಹರಿಯುವ ಕಡೆ ಮೂರು ಬುಡ ಬಾಳೆ ಇತ್ತು. ಒಂದು ರಸಬಾಳೆ, ಒಂದು ಏಲಕ್ಕಿ, ಇನ್ನೊಂದು ಪಲ್ಯಕ್ಕೆ ಬೂದುಬಾಳೆ. ಅತ್ತೆ ಎಲೆಯ ದಂಟು ಮುಟ್ಟಿ ಯಾವುದು ಯಾವುದೆಂದು ಹೇಳಿಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ರಸಬಾಳೆ ಅಂದುಕೊಂಡು ಒಂದು ಕಂದು ತಂದು ಬೆಂಗಳೂರಿನ ಮನೆಯಲ್ಲಿ ನೆಟ್ಟೆ. ವರ್ಷ ಕಾದ ಮೇಲೆ ಬಂದದ್ದು ಬೂದುಬಾಳೆ ಗೊನೆ! ಅಷ್ಟರಲ್ಲಿ ಊರಲ್ಲಿ ಕೋಣೆ ಕಟ್ಟಿಸಲು ಹಿತ್ತಲು ಅಗೆಸಿದ್ದರು. ರಸಬಾಳೆಯ ಬುಡವೇ ಇರಲಿಲ್ಲ.

ಇದು ಬರೀ ಹಣ್ಣಿನ ಆಸೆಯ ಮಾತಲ್ಲ. ನಾವು ತಿನ್ನುವ ಬಾಳೆಯಲ್ಲಿ ಮೊಳೆಯುವ ಬೀಜವಿಲ್ಲ. ಗೊನೆ ಕೊಟ್ಟ ಗಿಡದ ಆಯಸ್ಸು ಅಲ್ಲಿಗೆ ಮುಗಿಯುತ್ತದೆ. ತಳಿ ಉಳಿಯುವುದು ಕಂದಿನಲ್ಲಿ. ಕೊನೆಯ ಕಂದು ಹೋದರೆ ಮನೆಯ ತಳಿಯೇ ಹೋದಂತೆ.

ಗೊನೆ ಇಲ್ಲದಾಗಲೂ ಗುರುತು ಹಿಡಿಯಬಹುದು. ಹೀಗೆ ನೋಡಿ:

ಪಚ್ಚಬಾಳೆ: ಗಿಡ ಗಿಡ್ಡ, ಕಾಂಡ ದಪ್ಪ. ಮೈಮೇಲೆ ಕಂದು-ಕಪ್ಪು ಮಚ್ಚೆ. ಎಲೆ ದಂಟಿನ ಮೇಲಿನ ಕಾಲುವೆ ಅಗಲವಾಗಿ ತೆರೆದಿರುತ್ತದೆ.

ಬೂದುಬಾಳೆ: ಮಚ್ಚೆ ಕಡಿಮೆ. ದಂಟಿನ ಅಂಚುಗಳು ಒಳಕ್ಕೆ ಮಡಚಿ ಕಾಲುವೆ ಮುಚ್ಚಿದಂತಿರುತ್ತದೆ. ಉಜ್ಜಿದರೆ ಬೆರಳಿಗೆ ಬೂದಿಯಂಥ ಪುಡಿ.

ರಸಬಾಳೆ: ಕಾಂಡ ಹಳದಿ ಬೆರೆತ ಹಸಿರು, ಕಂದು ಮಚ್ಚೆ. ದಂಟಿನ ಅಂಚಿಗೆ ಕೆಂಪು ಗೆರೆ.

ಏಲಕ್ಕಿ: ಗಿಡ ತೆಳ್ಳಗೆ, ಎತ್ತರ. ಪುಟ್ಟ ಕಾಯಿಯ ತುದಿಯಲ್ಲಿ ಚೂಪು ಮೂತಿ.

ಚಂದ್ರಬಾಳೆ: ಕಾಂಡಕ್ಕೂ ದಂಟಿಗೂ ಕೆಂಪು ಛಾಯೆ.

ಒಂದೇ ಗುರುತು ನಂಬಬೇಡಿ, ಎರಡು ಮೂರು ಕೂಡಿಸಿ ನೋಡಿ. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು ಬಾಳೆ ವಿಂಗಡಿಸಲು 15 ಲಕ್ಷಣಗಳನ್ನು ಪಟ್ಟಿ ಮಾಡಿದರು. ಅದರಲ್ಲೂ ಕಾಂಡದ ಬಣ್ಣ, ದಂಟಿನ ಕಾಲುವೆ ಎರಡೂ ಇವೆ. ಅತ್ತೆಯ ಬೆರಳು ಹುಡುಕುತ್ತಿದ್ದದ್ದೂ ಅದನ್ನೇ!

ಕಂದು ತರುವಾಗ ಇನ್ನೊಂದು ಎಚ್ಚರಿಕೆ. ತಾಯಿಗಿಡದ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬಿದ್ದಿದ್ದರೆ ಆ ಬುಡದ ಕಂದು ಬೇಡ. ಅದು ಪನಾಮಾ ಸೊರಗು ರೋಗವಿರಬಹುದು. 2005-06ರಲ್ಲಿ ಭೌಗೋಳಿಕ ಸೂಚಕ ಪಡೆದ ನಂಜನಗೂಡು ರಸಬಾಳೆಯನ್ನೇ ಅಪರೂಪವಾಗಿಸಿದ ರೋಗ ಅದು. ಕಂದಿನ ಜೊತೆಗೇ ಬರುತ್ತದೆ, ಬಂದರೆ ಮಣ್ಣಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ. ಆರೋಗ್ಯದ ಬುಡದಿಂದ, ಕತ್ತಿಯಂತೆ ಸಪೂರ ಎಲೆಯ ಕಂದನ್ನೇ ಆರಿಸಿ.

ಗೊನೆ ಬಿಟ್ಟಾಗಲೇ ಒಂದು ತಗಡಿನ ಚೂರಿನಲ್ಲಿ ಹೆಸರು ಬರೆದು ಬುಡದ ಪಕ್ಕ ನೆಡಿ. ಪಕ್ಕದ ಮನೆಗೂ ಒಂದು ಕಂದು ಕೊಡಿ. ನಿಮ್ಮಲ್ಲಿ ಹೋದರೂ ಅವರಲ್ಲಿ ಇರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅಮ್ಮನನ್ನೋ ಅತ್ತೆಯನ್ನೋ ಹಿತ್ತಲಿಗೆ ಕರೆದುಕೊಂಡು ಹೋಗಿ, 'ಇದು ಯಾವ ಬಾಳೆ, ಹೇಗೆ ಗೊತ್ತಾಯ್ತು?' ಅಂತ ಕೇಳಿ. ನಾನು ಕೇಳದೇ ಉಳಿದೆ. ನೀವು ಕೇಳಿ.