ಕಪ್ಪು ಪಟ್ಟಿಯ ಒಗಟು

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಈಚೆಗೆ ಮಗನೊಂದಿಗೆ ಮನೆಗೆ ಬಂದಿದ್ದರು. ಎಂಜಿನಿಯರಿಂಗ್ ಓದುವ ಹುಡುಗನ ಲ್ಯಾಪ್‌ಟಾಪಿನ ಪರದೆ ಕೆಟ್ಟಿದೆಯಂತೆ. ರಿಪೇರಿ ಅಂಗಡಿಯವರು ಹೊಸ ಪರದೆಗೆ 7,000 ರೂಪಾಯಿ ಹೇಳಿ, 500 ಮುಂಗಡ ಪಡೆದಿದ್ದಾರೆ. "ಒಮ್ಮೆ ನೀವೂ ನೋಡಿ ಮೇಷ್ಟ್ರೇ" ಎಂದರು.

ಹುಡುಗ ಪ್ರೋಗ್ರಾಂ ಬರೆಯುವುದು 'ವಿಮ್' ಎಂಬ ಎಡಿಟರ್‌ನಲ್ಲಿ. 1991ರಲ್ಲಿ ಹೊರಬಂದರೂ ಇಂದಿಗೂ ಬಳಕೆಯಲ್ಲಿರುವ ತಂತ್ರಾಂಶ ಅದು. ಹಿನ್ನೆಲೆಗೆ ಕಡುನೀಲಿ ಬಣ್ಣ ಆರಿಸಿಕೊಂಡಿದ್ದ. ಆದರೆ ನೀಲಿ ಕಾಣುತ್ತಿದ್ದುದು ಅಕ್ಷರಗಳ ಹಿಂದೆ ಮಾತ್ರ. ಸಾಲು ಮುಗಿದಲ್ಲಿಂದ ಬಲತುದಿಯವರೆಗೆ ಕಪ್ಪು ಪಟ್ಟಿ!

ಪುಟ ಸರಿಸಿ ನೋಡಿದೆ. ಪಟ್ಟಿಯೂ ಅಕ್ಷರಗಳ ಜೊತೆಗೇ ಸರಿಯಿತು. ಪರದೆ ಕೆಟ್ಟಿದ್ದರೆ ಕಲೆ ಇದ್ದಲ್ಲೇ ಇರಬೇಕು, ಸಾಲು ಎಲ್ಲಿ ಮುಗಿಯಿತೆಂದು ಅದಕ್ಕೇನು ಗೊತ್ತು? ಸ್ಕ್ರೀನ್‌ಶಾಟ್ ತೆಗೆದು ತಂದೆಯವರ ಮೊಬೈಲಿಗೆ ಕಳಿಸಿದೆವು. ಅಲ್ಲಿಯೂ ಅದೇ ಪಟ್ಟಿ. ಅಲ್ಲಿಗೆ ಪರದೆ ನಿರಪರಾಧಿಯೆಂದು ಸಾಬೀತಾಯಿತು.

ಹುಡುಗ ವಿಮ್ ತೆರೆಯುತ್ತಿದ್ದುದು 'ಸ್ಕ್ರೀನ್' ಎಂಬ ಇನ್ನೊಂದು ತಂತ್ರಾಂಶದೊಳಗೆ. ಒಂದೇ ಟರ್ಮಿನಲ್ ಕಿಟಕಿಯಲ್ಲಿ ಹಲವು ಕೆಲಸ ನಡೆಸಲು ಅದು ಅನುಕೂಲ. ಬೇರೇನನ್ನೂ ಬದಲಿಸದೆ ಅದರ ಹೊರಗೆ ತೆರೆಯೆಂದೆ. ಪೂರ್ತಿ ನೀಲಿ! ಪ್ರಯೋಗಾಲಯದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ ಎಂದು ನಾನು ಗೋಳು ಹೊಯ್ದುಕೊಳ್ಳುತ್ತಿದ್ದುದು ಇದಕ್ಕೇ.

ಕಾರಣ ಸ್ವಾರಸ್ಯಕರವಾಗಿದೆ. 1978ರ ವಿಟಿ-100ರಂಥ ಟರ್ಮಿನಲ್‌ಗಳಲ್ಲಿ ಸಾಲಿಗೆ 80 ಅಕ್ಷರ. ಸೆಕೆಂಡಿಗೆ 300 ಬಿಟ್‌ಗಳ ದೂರವಾಣಿ ಸಂಪರ್ಕದಲ್ಲಿ ಹರಿಯುತ್ತಿದ್ದುದು ಸುಮಾರು 30 ಅಕ್ಷರ. ಸಾಲನ್ನು ಖಾಲಿ ಮಾಡಲು 80 ಖಾಲಿ ಜಾಗ ಕಳಿಸಿದರೆ ಎರಡೂವರೆ ಸೆಕೆಂಡಿಗೂ ಹೆಚ್ಚು ಸಮಯ ಬೇಕು. 'ಇಲ್ಲಿಂದ ಕೊನೆಯವರೆಗೆ ಅಳಿಸು' ಎಂಬ ಮೂರಕ್ಷರದ ಸಂಕೇತಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ವಿಮ್ ಇಂದಿಗೂ ಆ ಸಂಕೇತವನ್ನೇ ಬಳಸುತ್ತದೆ. ವಿಟಿ-100ಕ್ಕೆ ಬಣ್ಣವಿರಲಿಲ್ಲ, ಅಳಿಸು ಎಂದರೆ ಒಂದೇ ಅರ್ಥ. ಬಣ್ಣ ಬಂದ ಮೇಲೆ ಕೆಲವು ಟರ್ಮಿನಲ್‌ಗಳು ಅಳಿಸಿದ ಜಾಗಕ್ಕೆ ಆಗಿನ ಹಿನ್ನೆಲೆ ಬಣ್ಣ ಬಳಿಯತೊಡಗಿದವು. ಉಳಿದವು ಅದನ್ನು ಮೂಲಬಣ್ಣಕ್ಕೇ ಬಿಟ್ಟವು. 'ಸ್ಕ್ರೀನ್', ನಾವಾಗಿ ಹೇಳದಿದ್ದರೆ, ಎರಡನೆಯ ಗುಂಪಿನದು.

ಟರ್ಮಿನಲ್ ಯಾವ ಗುಂಪಿನದೆಂದು ವಿಮ್ ತಿಳಿಯುವುದು ಅದರ ಹೆಸರಿನಿಂದ. ನಮ್ಮ ಹುಡುಗ ಎಲ್ಲಿಂದಲೋ ನಕಲು ಮಾಡಿದ್ದ ಸಾಲೊಂದು, ಎಲ್ಲಿದ್ದರೂ 'ಎಕ್ಸ್‌ಟರ್ಮ್-256ಕಲರ್' ಎಂದೇ ಹೆಸರು ಹೇಳುತ್ತಿತ್ತು. ಅದು ಬಣ್ಣ ಬಳಿಯುವ ಗುಂಪಿನ ಹೆಸರು. ವಿಮ್ ನಂಬಿ ಮೋಸಹೋಯಿತು.

ಆ ಸಾಲನ್ನು ತೆಗೆಸಿ, ಸ್ಕ್ರೀನ್‌ನ ಸ್ವಂತ ಕಡತದಲ್ಲಿ 'ಸ್ಕ್ರೀನ್-256ಕಲರ್' ಎಂಬ ನಿಜವಾದ ಹೆಸರು ಬರೆಸಿದೆ. ವಿಮ್‌ನ ಕಡತದಲ್ಲಿ 'ಸೆಟ್' ಎಂದು ಬರೆದು, ಜಾಗ ಬಿಟ್ಟು, ಟಿ, ಅಡಿಗೆರೆ, ಯು, ಟಿ, ಸಮಚಿಹ್ನೆ ಹಾಕಿ ಮುಂದೆ ಏನೂ ಬರೆಯದೆ ಬಿಟ್ಟರೂ ನಡೆಯುತ್ತದೆ. ಆಗ ವಿಮ್ ಆ ಸಂಕೇತವನ್ನು ನಂಬದೆ ಖಾಲಿ ಜಾಗಗಳಿಗೆ ತಾನೇ ಬಣ್ಣ ಬಳಿಯುತ್ತದೆ.

ಹೊಸ ಪರದೆ ಬೇಡವೆಂದು ತಂದೆ ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದರು. ಮುಂಗಡದ 500 ಮಾತ್ರ ಇನ್ನೂ ವಾಪಸು ಬಂದಿಲ್ಲವಂತೆ.